ಕಚ್ಚಾ ಹೊಲಿಗೆ ಹಾಕದೆ ಕೌದಿಗೆ ಮಷಿನ್ ಹಚ್ಚಬೇಡಿ



ನಿಮ್ಮ ಮನೆಯಲ್ಲೂ ಹಳೆಯ ಬಟ್ಟೆಯ ಗಂಟೊಂದು ಇದ್ದೇ ಇರುತ್ತದೆ. ಟ್ರಂಕಿನ ತಳದಲ್ಲೋ, ಅಟ್ಟದ ಮೇಲೋ, ಮಂಚದ ಕೆಳಗೋ ಅದು ಕುಳಿತಿರುತ್ತದೆ. ಮಕ್ಕಳಿಗೆ ಗಿಡ್ಡವಾದ ಫ್ರಾಕು, ಕಾಲರ್ ಸವೆದ ಅಂಗಿ, ಬಣ್ಣ ಹೋದರೂ ಮೆತ್ತಗೆ ಉಳಿದಿರುವ ಕಾಟನ್ ಸೀರೆ. ತೊಡಲು ಬರುವುದಿಲ್ಲ, ಬಿಸಾಡಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಅಂಥ ಗಂಟಿಗೆ ಒಂದೇ ದಾರಿ ಇತ್ತು. ಅದು ಕೌದಿ. ಮನೆಯಲ್ಲಿ ಉರ್ದು ಆಡುವ ನಾವು ಅದನ್ನು ಗೋದಡಿ ಎನ್ನುತ್ತೇವೆ.

ಕೈಯಿಂದ ಕೌದಿ ಹೊಲಿಯುವವರು ಈಗ ಕಡಿಮೆಯಾಗಿದ್ದಾರೆ. ಆದರೆ ಹೊಲಿಗೆ ಮಷಿನ್ ಅನೇಕ ಮನೆಗಳಲ್ಲಿದೆ. ನಾನು ಪಾಠ ಹೇಳುವ ಹೆಣ್ಣುಮಕ್ಕಳ ಮದ್ರಸದಲ್ಲಿ ಮಧ್ಯಾಹ್ನದ ಮೇಲೆ ಹೊಲಿಗೆ ತರಗತಿಯೂ ನಡೆಯುತ್ತದೆ. ಅಲ್ಲಿಗೆ ಬರುವ ಹುಡುಗಿಯರು, ಅವರ ತಾಯಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಒಂದು, "ಆಪಾ, ಕೌದಿಯ ಹೊಲಿಗೆ ಎಲ್ಲಿಂದ ಶುರು ಮಾಡಬೇಕು?" ಇನ್ನೊಂದು, "ಆಪಾ, ನಡುವೆ ಯಾಕೆ ಹೀಗೆ ಉಬ್ಬಿ ಸುಕ್ಕಾಯಿತು?" ಸ್ವಲ್ಪ ಯೋಚಿಸಿ ನೋಡಿ. ಇವು ಎರಡು ಪ್ರಶ್ನೆಗಳಲ್ಲ, ಒಂದೇ ಪ್ರಶ್ನೆ. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕವಳಿಗೆ ಎರಡನೆಯದನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಈ ಮಾತನ್ನು ಒಂದು ಮನೆಯ ಉದಾಹರಣೆಯಿಂದ ಹೇಳುತ್ತೇನೆ. ಆ ಮನೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ.

ನಮ್ಮ ಬೀದಿಯ ಒಬ್ಬ ಮೆಕ್ಯಾನಿಕ್ ನಲ್ವತ್ತು ತುಂಬುವ ಮೊದಲೇ ತೀರಿಕೊಂಡರು. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ದೊಡ್ಡ ಹುಡುಗಿಗೇ ಹನ್ನೊಂದು ವರ್ಷ. ದಫನ್ ಆಗಿ ನಾಲ್ಕು ದಿನವೂ ಕಳೆದಿರಲಿಲ್ಲ, ಬಂದ ಬಂಧುಗಳು ಸಲಹೆ ಕೊಡಲು ಆರಂಭಿಸಿದರು. "ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು, ಬೇಗ ಯಾರಾದರೂ ಬಡವರಿಗೆ ಕೊಟ್ಟುಬಿಡಿ" ಎಂದರು ಒಬ್ಬರು. ಇನ್ನೊಬ್ಬರು ಚೀಲವನ್ನೂ ತಂದರು. ಒಳಗಿನ ಕೋಣೆಯಲ್ಲಿದ್ದ ಆ ಹೆಣ್ಣುಮಗಳು ನನಗೆ ಹೇಳಿ ಕಳಿಸಿದಳು: "ಆಪಾ, ಕೊಡಬೇಕೆಂದು ದೀನ್‌ನಲ್ಲಿ ಇದೆಯೇ? ಇದ್ದರೆ ಕೊಡುತ್ತೇನೆ. ಇಲ್ಲದಿದ್ದರೆ ಇವತ್ತು ಆ ಅಂಗಿಗಳನ್ನು ಕೊಡಲು ನನ್ನಿಂದ ಆಗುವುದಿಲ್ಲ."

ಸಹೋದರಿಯರೇ, ಇದು ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಆದ್ದರಿಂದ ಸ್ಪಷ್ಟವಾಗಿ ತಿಳಿದಿರಲಿ. ಮರಣ ಹೊಂದಿದವರ ಬಟ್ಟೆ ಮನೆಯಲ್ಲಿದ್ದರೆ ಕೆಡುಕಾಗುತ್ತದೆ ಎಂಬುದು ಮೂಢನಂಬಿಕೆ. ದೀನ್‌ಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ದೊಡ್ಡ ವಿಷಯವೊಂದಿದೆ. ಮನೆ, ಹೊಲ, ಹಣ ಹೇಗೆ ವಾರಸುದಾರರ ಸೊತ್ತೋ, ತೀರಿಕೊಂಡವರು ಬಿಟ್ಟುಹೋದ ಅಂಗಿ, ಲುಂಗಿ, ಚಪ್ಪಲಿಯೂ ಹಾಗೆಯೇ ವಾರಸುದಾರರ ಸೊತ್ತು. ಕಫನ್ ದಫನ್‌ನ ಖರ್ಚು, ಸಾಲ, ವಸಿಯ್ಯತ್ ಕಳೆದು ಉಳಿದುದೆಲ್ಲ ಹಂಚಿಕೆಗೆ ಬರುತ್ತದೆ. ಮಕ್ಕಳಿದ್ದಾಗ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಉಳಿದುದು ಗಂಡಿಗೆ ಎರಡು ಹೆಣ್ಣಿಗೆ ಒಂದರಂತೆ ಮಕ್ಕಳಿಗೆ. ಪ್ರಾಯಕ್ಕೆ ಬಂದವರು ತಮ್ಮ ಪಾಲನ್ನು ಸಂತೋಷದಿಂದ ಸದಖಾ ಮಾಡಬಹುದು. ಆದರೆ ಚಿಕ್ಕ ಮಕ್ಕಳ ಪಾಲನ್ನು ದಾನ ಮಾಡುವ ಅಧಿಕಾರ ಯಾರಿಗೂ ಇಲ್ಲ. ಮಗು ಹೂಂ ಎಂದರೂ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಯತೀಮರ ಸೊತ್ತಿನ ಬಗ್ಗೆ ಸೂರಃ ಅನ್ನಿಸಾದಲ್ಲಿ ಎಷ್ಟು ಕಟುವಾದ ಎಚ್ಚರಿಕೆ ಇದೆ ಎಂಬುದನ್ನು ಓದಿದವರು, ಯತೀಮನ ಒಂದು ಅಂಗಿಯನ್ನು ಚೀಲಕ್ಕೆ ತುಂಬುವ ಮೊದಲೂ ನಿಂತು ಯೋಚಿಸುತ್ತಾರೆ.

ಚೀಲ ವಾಪಸು ಹೋಯಿತು. ಬಟ್ಟೆಗಳನ್ನು ಎಣಿಸಿ ಬರೆದಿಟ್ಟರು. ಅಂಗಿ ಹನ್ನೊಂದು, ಲುಂಗಿ ಐದು, ಬಿಳಿ ಕುರ್ತಾ ಮೂರು, ಮದುವೆಯ ಶೇರ್ವಾನಿ ಒಂದು, ಒಂದು ಕೈಗಡಿಯಾರ. ಆಗ ಆ ಹೆಣ್ಣುಮಗಳೇ ಒಂದು ಯೋಚನೆ ಮುಂದಿಟ್ಟಳು. "ಮೂರು ಮಕ್ಕಳಿಗೆ ಮೂರು ಗೋದಡಿ ಹೊಲಿದರೆ? ಅವರ ಸೊತ್ತು ಅವರಲ್ಲೇ ಉಳಿಯುತ್ತದಲ್ಲ." ಅವಳೂ ಅತ್ತೆಯೂ ಬಟ್ಟೆಯಲ್ಲಿದ್ದ ತಮ್ಮ ಪಾಲನ್ನು ಮಕ್ಕಳಿಗೇ ಬಿಟ್ಟುಕೊಟ್ಟರು. ಅತ್ತೆ ಒಂದು ಲುಂಗಿ, ಸೊಸೆ ಒಂದು ಕುರ್ತಾ ಮಾತ್ರ ಇಟ್ಟುಕೊಂಡರು. ಮಗನ ಪಾಲು ಹೆಚ್ಚು ಬರಬೇಕಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಶೇರ್ವಾನಿ ಮತ್ತು ಕೈಗಡಿಯಾರ ಅವನ ಹೆಸರಿಗೆ ಹೋದವು. ಲೆಕ್ಕವನ್ನು ನಮ್ಮ ಮೌಲಾನಾ ಅವರೇ ಕುಳಿತು ನೋಡಿದರು.

ಇನ್ನು ಹೊಲಿಗೆಯ ಮಾತಿಗೆ ಬರೋಣ.

ಸೊಸೆಗೆ ಇದ್ದತ್. ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯಲ್ಲೇ ಇರುವವಳು. ಇದ್ದತ್ತಿನಲ್ಲಿ ಅಲಂಕಾರ ಬೇಡ. ಆದರೆ ಮನೆಯೊಳಗೆ ಕುಳಿತು ಹೊಲಿಯಲು, ದುಡಿಯಲು ಅಡ್ಡಿಯಿಲ್ಲ. ಮನೆಯಲ್ಲಿ ಕಾಲಿನಿಂದ ತುಳಿಯುವ ಕಪ್ಪು ಮಷಿನ್ ಇತ್ತು. ಅತ್ತೆಯದು ಹಳಿಯಾಳ ತಾಲೂಕಿನ ಹಳ್ಳಿ. ಅವರು ಚಿಕ್ಕಂದಿನಿಂದ ಕೈಯಲ್ಲೇ ಕೌದಿ ಹೊಲಿದವರು. ಪಕ್ಕದ ಮನೆಗಳ ಸಿದ್ದಿ ಹೆಂಗಸರ ಜೊತೆ ಕುಳಿತು ಕಲಿತವರು. "ಮೂಲೆಯಿಂದ ಹಿಡಿ, ಅಂಚಿನ ಗುಂಟ ಸುತ್ತು ಬಾ, ನಡುವೆ ಬಂದು ಮುಗಿಸು" ಎಂದು ಅವರು ಸೊಸೆಗೆ ಹೇಳಿದರು. ಸೊಸೆ ಜಾಣೆ. ಗಂಡನ ಅಂಗಿಗೆ ಕತ್ತರಿ ಹಾಕುವ ಮೊದಲು ಬೇರೆ ಚಿಂದಿಗಳಿಂದ ಒಂದು ಸಣ್ಣ ಕೌದಿ ಹೊಲಿದು ನೋಡಿದಳು. ಮೇಲ್ಪದರದ ತುಂಡುಗಳನ್ನೆಲ್ಲ ಮೊದಲೇ ಜೋಡಿಸಿ, ಕೆಳಗೆ ಹಳೆಯ ಸೀರೆ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ಗುಂಡುಪಿನ್ನು ಚುಚ್ಚಿ, ಅತ್ತೆ ಹೇಳಿದಂತೆ ಅಂಚಿನಿಂದ ಮಷಿನ್ ಹಚ್ಚಿದಳು. ಮೂರು ಸುತ್ತು ಬರುವಷ್ಟರಲ್ಲಿ ನಡುವೆ ಬಟ್ಟೆ ಹಪ್ಪಳದಂತೆ ಉಬ್ಬಿ ನಿಂತಿತು. ಒತ್ತಿ ಹೊಲಿದರೆ ಮಡಿಕೆ ಬಿತ್ತು. ಬಿಚ್ಚಿದರೆ ಸವೆದ ಬಟ್ಟೆಯಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದವು.

ಅವಳಿಗೆ ಭಯ ಹತ್ತಿತು. ಹೊಸ ಬಟ್ಟೆ ಕೆಟ್ಟರೆ ಅಂಗಡಿಗೆ ಹೋಗಿ ಇನ್ನೊಂದು ಮೀಟರ್ ತರಬಹುದು. ತೀರಿಕೊಂಡವರ ಅಂಗಿ ಕೆಟ್ಟರೆ ಎಲ್ಲಿಂದ ತರುವುದು? "ಮಷಿನ್ ಬೇಡವೇ ಬೇಡ" ಎಂದರು ಅತ್ತೆ. "ಮೂರು ಗೋದಡಿಯನ್ನು ಕೈಯಲ್ಲಿ ಹೊಲಿಯಲು ನಿಮ್ಮ ಕಣ್ಣು ಎಲ್ಲಿದೆ ಅಮ್ಮಾ?" ಎಂದಳು ಸೊಸೆ. ಎರಡು ದಿನ ಆ ಮನೆಯಲ್ಲಿ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ದುಃಖದ ಮನೆಯಲ್ಲಿ ಸಣ್ಣ ಮಾತೂ ದೊಡ್ಡದಾಗುತ್ತದೆ ಎಂಬುದು ನಿಮಗೆ ಗೊತ್ತು.

ನಾನು ಹೋದಾಗ ಅತ್ತೆಯವರು ಸ್ವಲ್ಪ ಮುನಿಸಿನಲ್ಲೇ ಕೇಳಿದರು. "ನೀನೇ ಹೇಳು ಬೇಟಿ, ನನ್ನ ಪದ್ಧತಿ ಸುಳ್ಳೇ? ಐವತ್ತು ವರ್ಷ ಹೊಲಿದಿದ್ದೇನೆ, ಒಂದು ಸುಕ್ಕು ಬಿದ್ದಿಲ್ಲ."

"ಖಾಲಾ, ನಿಮ್ಮ ಪದ್ಧತಿ ನೂರಕ್ಕೆ ನೂರು ಸರಿ. ಆದರೆ ಅದು ಕೈಯ ಪದ್ಧತಿ. ಮಷಿನಿಗೆ ಬೇರೆ ಪದ್ಧತಿ" ಎಂದೆ.

ಏಕೆ ಬೇರೆ ಎಂಬುದನ್ನು ನೀವೂ ತಿಳಿದುಕೊಳ್ಳಿ. ಕಾರಣ ತಿಳಿದರೆ ಮುಂದೆ ಯಾರನ್ನೂ ಕೇಳಬೇಕಾಗಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಮೂರೂ ಕಡೆಯ ಹೆಂಗಸರು ಕೌದಿ ಹೊಲಿಯುತ್ತಾರೆ. ಅವರು ಅದನ್ನು ಕವಂದಿ ಎನ್ನುತ್ತಾರೆ. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ನಮ್ಮ ಹಳ್ಳಿಯ ಅಂಗಳದಲ್ಲಿ ಕುಳಿತು ಹೊಲಿದುದನ್ನು ಅಷ್ಟು ದೂರದ ಜನ ನಿಂತು ನೋಡಿದರು. ಅವರ ಕ್ರಮ ಹೀಗೆ. ಒಂದು ಹಳೆಯ ಸೀರೆಯನ್ನು ಕೆಳಗೆ ಹಾಸುತ್ತಾರೆ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಒಂದೊಂದೇ ತುಂಡನ್ನು ಇಟ್ಟು, ಅದರ ಅಂಚು ಮಡಚಿ, ಸಾಲು ಹೊಲಿಗೆ ಹಾಕುತ್ತ ಹೋಗುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿಗೆ ಬಂದು ಸೇರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೊಲಿಯುತ್ತಾರೆ. ಅದಕ್ಕೆ ಫೂಲ ಎಂದು ಹೆಸರು. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಅವರ ಮೇಲ್ಪದರ ಮೊದಲೇ ಸಿದ್ಧವಾಗಿ ಇರುವುದಿಲ್ಲ. ಹೊಲಿಯುತ್ತ ಹೊಲಿಯುತ್ತಲೇ ಅದು ಹುಟ್ಟುತ್ತದೆ. ಇನ್ನೂ ಇಡದ ತುಂಡು ಸುಕ್ಕಾಗುವುದು ಹೇಗೆ? ಜೊತೆಗೆ, ಅವರ ಅಂಗೈ ಪ್ರತಿ ಹೊಲಿಗೆಗೂ ಬಟ್ಟೆಯನ್ನು ಸವರಿ ಸಮ ಮಾಡುತ್ತದೆ. ಸೂಜಿ ಎಲ್ಲ ಪದರಗಳನ್ನು ಒಂದೇ ಸಲ ಹಿಡಿಯುತ್ತದೆ, ಯಾವುದನ್ನೂ ಮುಂದಕ್ಕೆ ತಳ್ಳುವುದಿಲ್ಲ. ಆದ್ದರಿಂದ ಅವರು ಅಂಚಿನಿಂದ ಹಿಡಿದರೂ ನಡುವೆ ಉಬ್ಬು ಬರುವುದಿಲ್ಲ.

ಮಷಿನಿನಲ್ಲಿ ಏನಾಗುತ್ತದೆ? ಸೂಜಿಯ ಕೆಳಗಿನ ತಗಡಿನಲ್ಲಿ ಹಲ್ಲುಗಳಿವೆ. ಅವು ಕೆಳಗಿನ ಬಟ್ಟೆಯನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತವೆ. ಮೇಲಿನ ಬಟ್ಟೆಯನ್ನು ಎಳೆಯುವವರು ಯಾರೂ ಇಲ್ಲ. ಅದರ ಮೇಲೆ ಮಷಿನಿನ ಪಾದ ಒತ್ತಿ ನಿಂತಿದೆ. ಆದ್ದರಿಂದ ಕೆಳಪದರ ಮುಂದೆ ಹೋಗುತ್ತದೆ, ಮೇಲ್ಪದರ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಅಂಗಿಯ ಒಂದು ಹೊಲಿಗೆಯಲ್ಲಿ ಇದು ಕಾಣುವುದಿಲ್ಲ. ಮೂರು ನಾಲ್ಕು ಪದರದ ಕೌದಿಯಲ್ಲಿ, ಹತ್ತಾರು ಸಾಲಿನಲ್ಲಿ, ಈ ಕೂದಲೆಳೆಗಳು ಕೂಡಿ ಅರ್ಧ ಇಂಚು, ಒಂದು ಇಂಚು ಆಗುತ್ತವೆ. ಆ ಹೆಚ್ಚಿನ ಬಟ್ಟೆ ಎಲ್ಲಾದರೂ ಹೋಗಲೇಬೇಕು. ನಾಲ್ಕೂ ಅಂಚನ್ನು ಮೊದಲೇ ಹೊಲಿದು ಮುಚ್ಚಿದರೆ ಅದಕ್ಕೆ ಹೊರಹೋಗಲು ಬಾಗಿಲಿಲ್ಲ. ನಡುವೆ ಬಂದು ಉಬ್ಬುತ್ತದೆ. ನಡುವಿನಿಂದ ಹೊರಕ್ಕೆ ಹೊಲಿದರೆ ಅದು ಸಾಲು ಸಾಲಾಗಿ ಅಂಚಿನ ಕಡೆಗೆ ಸರಿದು ಹೊರಟುಹೋಗುತ್ತದೆ.

ಆದ್ದರಿಂದ ನಿಯಮ ಇಷ್ಟೇ. ತುಂಡಿಟ್ಟು ಕೈಯಲ್ಲಿ ಹೊಲಿಯುತ್ತ ಹೋಗುವುದಾದರೆ ಅಂಚಿನಿಂದ ಒಳಕ್ಕೆ. ಮೇಲ್ಪದರ ಪೂರ್ತಿ ಜೋಡಿಸಿ ಮಷಿನಿನಲ್ಲಿ ಹೊಲಿಯುವುದಾದರೆ ನಡುವಿನಿಂದ ಹೊರಕ್ಕೆ. ಸೊಸೆ ಅತ್ತೆಯ ದಾರಿ ಹಿಡಿದು ಮಷಿನ್ ಓಡಿಸಿದಳು, ಅದಕ್ಕೇ ತೊಂದರೆಯಾಯಿತು. ದಾರಿಯೂ ಒಳ್ಳೆಯದೇ, ಮಷಿನೂ ಒಳ್ಳೆಯದೇ. ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೇ.

ಆದರೆ ನಡುವಿನಿಂದ ಶುರು ಮಾಡಿದರೆ ಸಾಲದು. ನಡುವೆ ಸೂಜಿ ಇಳಿಸುವವರೆಗೆ ಪದರಗಳು ಒಂದರ ಮೇಲೊಂದು ಅಲುಗದೆ ನಿಲ್ಲಬೇಕಲ್ಲ? ಅಲ್ಲಿ ಬರುತ್ತದೆ ಕಚ್ಚಾ ಹೊಲಿಗೆ. ಉದ್ದುದ್ದ ಟಾಕು ಹಾಕಿ ಪದರಗಳನ್ನು ಹಿಡಿದು ನಿಲ್ಲಿಸುವುದು, ಕೆಲಸ ಮುಗಿದ ಮೇಲೆ ಎಳೆದು ತೆಗೆಯುವುದು. ಹತ್ತಿಯ ರಜಾಯಿ ಹೊಲಿಯುವ ನಮ್ಮ ನದಾಫ್ ಜನರನ್ನು ನೋಡಿದ್ದೀರಾ? ಹತ್ತಿ ಹರಡಿದ ಮೇಲೆ ಅದು ಸರಿಯದಂತೆ ಟಾಕು ಹಾಕಿ ಹಿಡಿಯುವುದರಲ್ಲೇ ಅವರ ಕಸುಬಿನ ಜಾಣ್ಮೆ ಇದೆ. ಅನೇಕ ಸಹೋದರಿಯರು ಕಚ್ಚಾ ಹೊಲಿಗೆಯನ್ನು ದಂಡದ ಕೆಲಸ ಎಂದು ಬಿಡುತ್ತಾರೆ. "ಹೇಗೂ ತೆಗೆಯುವುದು, ಯಾಕೆ ಹಾಕಬೇಕು?" ಎನ್ನುತ್ತಾರೆ. ಕೌದಿಯ ಅರ್ಧ ಕೆಲಸ ಅದೇ.

ಆ ಮನೆಯಲ್ಲಿ ನಾವು ಮಾಡಿದ ಕ್ರಮವನ್ನು ಇದ್ದಂತೆ ಬರೆಯುತ್ತೇನೆ. ಬೇಕಾದವರು ಹೀಗೆಯೇ ಮಾಡಬಹುದು.

ಮೊದಲು ಎಲ್ಲ ಬಟ್ಟೆಯನ್ನು ಒಗೆದು ಒಣಗಿಸಿ ಇಸ್ತ್ರಿ ಮಾಡಬೇಕು. ಕುಗ್ಗುವುದು ಈಗಲೇ ಕುಗ್ಗಲಿ. ಕಾಟನ್ ಮತ್ತು ಟೆರಿಕಾಟ್ ಅಂಗಿಗಳನ್ನು ಬೇರೆ ಬೇರೆ ಇಡಿ. ಟೆರಿಕಾಟ್ ಜಾರುತ್ತದೆ, ಅದಕ್ಕೆ ಟಾಕು ಹೆಚ್ಚು ಬೇಕು. ಕಂಕುಳು, ಕಾಲರ್, ಮೊಣಕೈಯಲ್ಲಿ ಸವೆದ ಭಾಗ ಬಿಟ್ಟು ಎಂಟು ಇಂಚಿನ ಚದರ ತುಂಡುಗಳನ್ನು ಕತ್ತರಿಸಿದೆವು. ಒಂದು ಅಂಗಿಗೆ ಸರಾಸರಿ ಎಂಟು ತುಂಡು ಬಂದವು. ಉಳಿದದ್ದಕ್ಕೆ ಎರಡು ಕುರ್ತಾ ಸಾಕಾದವು. ಒಂದು ಕೌದಿಗೆ ಅಡ್ಡಕ್ಕೆ ಐದು, ಉದ್ದಕ್ಕೆ ಏಳು, ಒಟ್ಟು 35 ತುಂಡು. ಕಾಲು ಇಂಚು ಹೊಲಿಗೆಗೆ ಹೋದರೆ ಮೇಲ್ಪದರ ಸುಮಾರು 37 ಇಂಚು ಅಗಲ, 52 ಇಂಚು ಉದ್ದ. ಮಕ್ಕಳಿಗೆ ಇಷ್ಟು ಸಾಕು. ಜೋಡಿಸಿದ ಹೊಲಿಗೆಗಳನ್ನು ಇಸ್ತ್ರಿಯಿಂದ ಒತ್ತಿ ಸಮ ಮಾಡಿ.

ಕೆಳಪದರಕ್ಕೆ ಒಂದೊಂದು ಲುಂಗಿ. ಇದು ಮೇಲ್ಪದರಕ್ಕಿಂತ ಪ್ರತಿ ಕಡೆ ಮೂರು ಇಂಚು ದೊಡ್ಡದಿರಲಿ. ಮೇಲಿನ ಬಟ್ಟೆ ಹೊರಕ್ಕೆ ಸರಿಯುತ್ತದೆ ಎಂದೆನಲ್ಲ, ಅದಕ್ಕೆ ಜಾಗ ಬೇಕು. ಕೊನೆಗೆ ಇದೇ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ಸಮ ಮಾಡಿ, ಮೇಲಕ್ಕೆ ಮಡಚಿ ಅಂಚು ಕಟ್ಟಬಹುದು. ನಡುಪದರಕ್ಕೆ ಅತ್ತೆಯವರು ತಮ್ಮ ಮೂರು ಹಳೆಯ ಕಾಟನ್ ಸೀರೆ ಕೊಟ್ಟರು. ಒಂದು ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಒಂದು ಕೌದಿಗೆ ಬೆಚ್ಚನೆಯ ಮೂರು ಪದರ ಸಿಗುತ್ತದೆ. ಫಾಲ್ಸ್ ಮತ್ತು ಗಟ್ಟಿ ಅಂಚನ್ನು ಬಿಚ್ಚಿ ತೆಗೆಯಿರಿ.

ಈಗ ಹಾಸುವ ಕೆಲಸ. ನೆಲ ಗುಡಿಸಿ ಒರೆಸಿ. ಲುಂಗಿಯ ಒಳಮೈ ಮೇಲೆ ಬರುವಂತೆ ಹಾಸಿ, ನಾಲ್ಕೂ ಕಡೆ ನೆಲಕ್ಕೆ ಅಂಟುಪಟ್ಟಿ ಹಚ್ಚಿ. ಬಿಗಿಯಾಗಿರಲಿ, ಆದರೆ ಎಳೆಯಬೇಡಿ. ಎಳೆದು ಹಚ್ಚಿದ ಬಟ್ಟೆ ಬಿಟ್ಟಕೂಡಲೇ ಕುಗ್ಗಿ ಮೇಲಿನದನ್ನು ಸುಕ್ಕು ಮಾಡುತ್ತದೆ. ಅದರ ಮೇಲೆ ಸೀರೆಯ ಮಡಿಕೆ, ಅದರ ಮೇಲೆ ಅಂಗಿಯ ಪದರ. ಪ್ರತಿಯೊಂದು ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ.

ಆಮೇಲೆ ಟಾಕು. ಬಟ್ಟೆಯ ಬಣ್ಣದಲ್ಲಿ ಎದ್ದು ಕಾಣುವ, ಆದರೆ ಬಣ್ಣ ಬಿಡದ ತಿಳಿ ದಾರ ತೆಗೆದುಕೊಳ್ಳಿ. ಒಂದು ಸುಲಭ ಉಪಾಯ ಹೇಳುತ್ತೇನೆ. ಕೌದಿಯ ಉದ್ದಕ್ಕಿಂತ ಹೆಚ್ಚು ದಾರ ಕತ್ತರಿಸಿ. ಸೂಜಿಯನ್ನು ಸರಿಯಾಗಿ ನಡುವೆ ಇಳಿಸಿ, ಅರ್ಧ ದಾರವನ್ನು ಅಲ್ಲೇ ಬಿಟ್ಟು, ಒಂದು ಅಂಚಿನವರೆಗೆ ಟಾಕು ಹಾಕಿ. ಬಳಿಕ ಬಿಟ್ಟ ಅರ್ಧವನ್ನು ಸೂಜಿಗೆ ಪೋಣಿಸಿ ಇನ್ನೊಂದು ಅಂಚಿನವರೆಗೆ ಹೋಗಿ. ಹೀಗೆ ಮಾಡಿದರೆ ನಡುವೆ ಗಂಟು ಬರುವುದಿಲ್ಲ. ಮೊದಲು ಉದ್ದಕ್ಕೊಂದು, ಅಡ್ಡಕ್ಕೊಂದು ಸಾಲು ಹಾಕಿ. ಆಮೇಲೆ ಅದರ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಇಂಚಿಗೆ ಒಂದು ಸಾಲು. ಒಂದೊಂದು ಟಾಕು ಎರಡು ಇಂಚಿದ್ದರೂ ಸಾಕು. ನೆಲಕ್ಕೆ ಬಗ್ಗಲು ಆಗದವರು ದೊಡ್ಡ ಮೇಜಿನ ಮೇಲೆ ಮಾಡಬಹುದು. ದಾರದ ಬದಲು ತುಕ್ಕು ಹಿಡಿಯದ ಸೇಫ್ಟಿ ಪಿನ್ನನ್ನೂ ಹಾಕಬಹುದು. ಆಗ ಅಳತೆ ಒಂದು ಮುಷ್ಟಿ. ಕೌದಿಯ ಮೇಲೆ ಎಲ್ಲಿ ಮುಷ್ಟಿ ಇಟ್ಟರೂ ಒಂದು ಪಿನ್ನು ತಾಗಬೇಕು. ಸೂಜಿ ಹತ್ತಿರ ಬಂದಾಗ ಪಿನ್ನು ತೆಗೆಯಲು ಮರೆಯಬೇಡಿ, ಅದರ ಮೇಲೆ ಸೂಜಿ ಬಿದ್ದರೆ ಮುರಿದು ಕಣ್ಣಿಗೆ ಹಾರುವ ಅಪಾಯವಿದೆ.

ಇಷ್ಟಾದ ಮೇಲೆ ಮಷಿನ್. 16 ನಂಬರಿನ ಹೊಸ ಸೂಜಿ ಹಾಕಿ. ತೀರ ದಪ್ಪವಾದರೆ 18. ಹೊಲಿಗೆ ಸ್ವಲ್ಪ ಉದ್ದವಿರಲಿ, ಇಂಚಿಗೆ ಎಂಟು ಸಾಕು. ಅದೇ ಪದರಗಳ ಒಂದು ಗೇಣು ತುಂಡಿನ ಮೇಲೆ ಹೊಲಿದು ಮೇಲೆ ಕೆಳಗೆ ದಾರದ ಬಿಗಿ ನೋಡಿಕೊಳ್ಳಿ. ಮೇಲಿನ ಬಟ್ಟೆಯನ್ನೂ ಜೊತೆಗೆ ಎಳೆಯುವ ವಾಕಿಂಗ್ ಫುಟ್ ಎಂಬ ಪಾದ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಮಷಿನಿಗೆ ಹೊಂದಿದರೆ ಒಳ್ಳೆಯದು, ಇಲ್ಲದಿದ್ದರೂ ಟಾಕು ಚೆನ್ನಾಗಿದ್ದರೆ ಕೆಲಸ ನಿಲ್ಲುವುದಿಲ್ಲ.

ಕೌದಿಯ ಬಲಭಾಗವನ್ನು ಚಾಪೆಯಂತೆ ಸುರುಳಿ ಸುತ್ತಿ. ಸೂಜಿಗೂ ಮಷಿನಿನ ಕಂಬಕ್ಕೂ ನಡುವಿನ ಜಾಗ ಒಂದು ಗೇಣಿಗಿಂತ ಕಡಿಮೆ. ಅದರೊಳಗೆ ಈ ಸುರುಳಿ ಕೂರಬೇಕು. ಮೊದಲ ಸಾಲು ನಡುವಿಗೆ ಹತ್ತಿರದ ಜೋಡಣೆಯ ಗುಂಟ, ಒಂದು ತುದಿಯಿಂದ ಇನ್ನೊಂದು ತುದಿಗೆ. ಎರಡನೆಯದು ಅದರ ಬಲಕ್ಕೆ. ಹೀಗೆ ಬಲದ ಅಂಚಿನವರೆಗೆ ಹೋಗಿ. ಪ್ರತಿ ಸಾಲಿಗೂ ಸುರುಳಿ ಸಣ್ಣದಾಗುತ್ತ ಬರುತ್ತದೆ. ಆಮೇಲೆ ಕೌದಿಯನ್ನು ತಿರುಗಿಸಿ ಇಟ್ಟು ಉಳಿದ ಅರ್ಧವನ್ನು ಹಾಗೆಯೇ ನಡುವಿನಿಂದ ಹೊರಕ್ಕೆ ಮುಗಿಸಿ. ಒಂದು ಭಾಗದ ಸಾಲುಗಳೆಲ್ಲ ಒಂದೇ ದಿಕ್ಕಿಗೆ ಹೋಗಲಿ. ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೊಲಿದರೆ ಸಾಲುಗಳ ನಡುವಿನ ಬಟ್ಟೆ ಓರೆಯಾಗಿ ತಿರುಚುತ್ತದೆ. ಎಡಗಡೆ ಒಂದು ಸ್ಟೂಲು ಇಟ್ಟು ಕೌದಿಯ ಭಾರ ಅದರ ಮೇಲೆ ಬೀಳುವಂತೆ ಮಾಡಿ. ನೇತಾಡುವ ಕೌದಿ ಸೂಜಿಯನ್ನು ಎಳೆದು ಸಾಲು ಸೊಟ್ಟ ಮಾಡುತ್ತದೆ. ಬಟ್ಟೆಯನ್ನು ಕೈಯಿಂದ ಹಿಂದೆ ಎಳೆಯಬೇಡಿ. ದಾರಿ ತೋರಿಸಿದರೆ ಸಾಕು.

ಮೊದಲ ಕೌದಿ ದೊಡ್ಡ ಹುಡುಗಿಯದು. ಟಾಕು ಹಾಕಲು ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಎದುರು ಬದುರು ಕುಳಿತರು. ಅತ್ತೆ ನಡುವಿನಿಂದ ಒಂದು ಕಡೆಗೆ, ಸೊಸೆ ಇನ್ನೊಂದು ಕಡೆಗೆ. ಅತ್ತೆಯ ಕಣ್ಣಿಗೆ ಸಣ್ಣ ಹೊಲಿಗೆ ಕಾಣದಿದ್ದರೂ ಎರಡು ಇಂಚಿನ ಟಾಕು ಚೆನ್ನಾಗಿಯೇ ಕಾಣುತ್ತಿತ್ತು. ಅವರ ಅಂಗೈಗೆ ಎಲ್ಲಿ ಬಟ್ಟೆ ಸಡಿಲವಿದೆ, ಎಲ್ಲಿ ಬಿಗಿ ಇದೆ ಎಂಬುದು ನೋಡದೆಯೇ ತಿಳಿಯುತ್ತಿತ್ತು. "ಇಲ್ಲಿ ಗಾಳಿ ಇದೆ, ಬಿಚ್ಚು" ಎನ್ನುವರು. ಸೊಸೆ ಬಿಚ್ಚಿ ಮತ್ತೆ ಹಾಕುವಳು. ಮಾತು ಮತ್ತೆ ಶುರುವಾಯಿತು. ಮೊದಲು ದಾರದ ಬಗ್ಗೆ, ಆಮೇಲೆ ಅಂಗಿಯ ಬಗ್ಗೆ. ಈ ನೀಲಿ ಗೆರೆಯ ಅಂಗಿ ಯಾವ ಈದ್‌ಗೆ ಹೊಲಿಸಿದ್ದು, ಗ್ರೀಸ್ ಕಲೆ ಹೋಗದ ಈ ಅಂಗಿಗೆ ಎಷ್ಟು ಸಲ ಜಗಳ ಆಗಿತ್ತು ಎಂದು. ಅತ್ತಿದ್ದೂ ಉಂಟು. ಅಳುವುದಕ್ಕೂ ಒಂದು ಕೆಲಸ ಕೈಯಲ್ಲಿದ್ದರೆ ಒಳ್ಳೆಯದು.

ಮಷಿನಿಗೆ ಕುಳಿತ ದಿನ ಸೊಸೆ ಬಿಸ್ಮಿಲ್ಲಾಹ್ ಹೇಳಿ ನಡುವೆ ಸೂಜಿ ಇಳಿಸಿದಳು. ಅವಳ ಕೈ ನಡುಗುತ್ತಿತ್ತು. ಎರಡನೇ ಸಾಲಿಗೆ ನಡುಕ ನಿಂತಿತು. ಒಂದು ಸುಕ್ಕೂ ಬೀಳಲಿಲ್ಲ.

ಆ ದಿನಗಳಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು, ಅದನ್ನೂ ನಿಮ್ಮ ಮುಂದಿಡುತ್ತೇನೆ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಮೊದಲ ವಾರದಲ್ಲೇ ಎಲ್ಲವನ್ನೂ ಖಾಯಂ ಆಗಿ ಹೊಲಿದುಬಿಡುವ ಆತುರ ಬಂಧುಗಳಿಗೆ ಇರುತ್ತದೆ. ತವರಿಗೆ ಹೋಗುತ್ತಾಳೋ ಇಲ್ಲೇ ಇರುತ್ತಾಳೋ, ಮಕ್ಕಳನ್ನು ಯಾವ ಊರಿನ ಶಾಲೆಗೆ ಹಾಕುವುದು, ಗಾಡಿ ಮಾರುವುದೋ ಇಡುವುದೋ. ಸಾಲ ತೀರಿಸುವುದನ್ನು, ವಾರಸುದಾರರ ಪಾಲು ಗೊತ್ತುಮಾಡುವುದನ್ನು ತಡ ಮಾಡಬಾರದು ಎಂಬುದು ನಿಜ. ಆದರೆ ಉಳಿದ ತೀರ್ಮಾನಗಳಿಗೆ ಅವಸರವೇನು? ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವಳನ್ನು ಕಟ್ಟಿಹಾಕುವ ಅವಧಿ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಆ ದಿನಗಳು ಆ ಮನೆಯನ್ನು ಅಲುಗದಂತೆ ಹಿಡಿದವು. ಯಾರೂ ಅವಳನ್ನು ಯಾವ ಕಡೆಗೂ ಎಳೆಯಲಾಗಲಿಲ್ಲ. ಅವಧಿ ಮುಗಿಯುವಾಗ ಅತ್ತೆ, ಸೊಸೆ, ಮಕ್ಕಳು ಒಂದೇ ಮನೆಯಲ್ಲಿ ಇರುವುದೆಂದು ಅವರೇ ನಿಶ್ಚಯಿಸಿದ್ದರು. ಮನೆಯಲ್ಲೇ ಹೊಲಿಗೆಯಿಂದ ದುಡಿಯುವುದೆಂದು ಸೊಸೆ ಹೇಳಿದಳು. ಪ್ರವಾದಿವರ್ಯರ(ಸ) ಪತ್ನಿ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ತಮ್ಮ ಕೈಯಾರೆ ಚರ್ಮ ಹದಮಾಡಿ, ಹೊಲಿದು ದುಡಿದು ಸದಖಾ ಮಾಡುತ್ತಿದ್ದರು. ಕೈಕೆಲಸದಲ್ಲಿ ಕೀಳು ಎಂಬುದಿಲ್ಲ.

ಸೂರಃ ಅನ್ನಹ್ಲ್‌ನಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಡಿಬಿಡಿ ಮಾಡುವ ಹೆಂಗಸಿನ ಉಪಮೆ ಬರುತ್ತದೆ. ಕೊಟ್ಟ ಮಾತನ್ನು ಮುರಿಯುವವರ ಬಗ್ಗೆ ಅದನ್ನು ಹೇಳಲಾಗಿದೆ. ಮದ್ರಸದಲ್ಲಿ ಅದನ್ನು ಪಾಠ ಹೇಳುವಾಗ ಹುಡುಗಿಯೊಬ್ಬಳು ಕೇಳಿದಳು, "ಆಪಾ, ನಾವು ಟಾಕು ಬಿಚ್ಚುವುದೂ ಹಾಗೆಯೇ?" ಅಲ್ಲ ಮಗಳೇ, ಎಂದೆ. ಆ ಹೆಂಗಸು ಮುಗಿದ ಕೆಲಸವನ್ನು ಹಾಳು ಮಾಡಿದಳು. ಟಾಕು ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿಯುತ್ತದೆ. ಪಕ್ಕಾ ಹೊಲಿಗೆ ಬರುವವರೆಗೆ ಎಲ್ಲವನ್ನೂ ಹಿಡಿದಿದ್ದು ಅದೇ.

ಅತ್ತೆಯವರು ತಮಗಾಗಿ ಇಟ್ಟುಕೊಂಡ ಲುಂಗಿಯಿಂದ ಒಂದು ಸಣ್ಣ ಕೌದಿಯನ್ನು ಕೈಯಲ್ಲೇ ಹೊಲಿಯುತ್ತಿದ್ದಾರೆ. ಮೂಲೆಯಿಂದ ಹಿಡಿದು, ಸುತ್ತು ಬಂದು, ತಮ್ಮದೇ ಪದ್ಧತಿಯಲ್ಲಿ. ದಿನಕ್ಕೆ ಒಂದು ಗೇಣು ಆದರೆ ಹೆಚ್ಚು. ಯಾರೂ ಅವಸರ ಮಾಡುವುದಿಲ್ಲ. ಮಕ್ಕಳ ಮೂರು ಕೌದಿಗಳ ಮೂಲೆಗಳಿಗೂ ಅವರೇ ಫೂಲ ಹೊಲಿದು ಕೊಟ್ಟರು. ಮಷಿನಿಗೆ ಅದು ಬರುವುದಿಲ್ಲವಲ್ಲ.

ಸಹೋದರಿಯರೇ, ಕೌದಿ ಹೊಲಿಯುವ ಮನಸ್ಸಿದ್ದರೆ ಮೊದಲು ಆ ಬಟ್ಟೆ ಯಾರ ಸೊತ್ತು ಎಂದು ಕೇಳಿಕೊಳ್ಳಿ. ಆಮೇಲೆ ನೆಲ ಒರೆಸಿ, ಹಾಸಿ, ನಡುವಿನಿಂದ ಹೊರಕ್ಕೆ ಟಾಕು ಹಾಕಿ. ಒಂದು ಸಂಜೆ ಹೋದರೂ ಹೋಗಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ, ಅವರ ಅಂಗೈಗೆ ತಿಳಿಯುವುದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಮಷಿನಿನ ಹೊಲಿಗೆ ಪೂರ್ತಿ ಮುಗಿದ ಮೇಲೆ, ನೀರಿಗೆ ಹಾಕುವ ಮೊದಲು, ಟಾಕಿನ ದಾರಗಳನ್ನು ಎಳೆದು ತೆಗೆಯಲು ಮಕ್ಕಳಿಗೆ ಹೇಳಿ. ಆ ಕೆಲಸ ಅವರಿಗೆ ಬಹಳ ಇಷ್ಟ.